ಪೇಟೆಂಟ್ ಪಟ್ಟಿಗೆ ಹೆದರಬೇಡಿ, ಏಳನೇ ಕಲಂಗೆ ಹೆದರಿ

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ಮೆಣಸಿನಕಾಯಿ ಒಣಗಿಸುವ ಸೋಲಾರ್ ಡ್ರೈಯರ್ ಮಾಡಿ ಬ್ಯಾಡಗಿ, ರಾಣೆಬೆನ್ನೂರು, ಕುಂದಗೋಳ ಕಡೆ ಕೊಡುತ್ತೇವೆ. ಜರ್ಮನಿಯ ಒಂದು ಕಂಪನಿ ‘ನಮ್ಮ ಟೆಕ್ನಾಲಜಿ ತಗೊಂಡು ನೀವೇ ಮಾಡಿ ಮಾರಿ’ ಎಂದು ಅಗ್ರಿಮೆಂಟ್ ಕಳಿಸಿದೆ. ಅದರ ಹಿಂದೆ 9 ಪೇಟೆಂಟ್‌ಗಳ ಪಟ್ಟಿ ಇದೆ. ಮೊದಲಿಗೆ 18 ಲಕ್ಷ, ಆಮೇಲೆ ಪ್ರತಿ ಮಷಿನ್‌ಗೆ 6% ರಾಯಲ್ಟಿ, 15 ವರ್ಷ. ಮೋಡ ಇದ್ದಾಗ, ರಾತ್ರಿ ಹೊತ್ತು ಬಿಸಿಗಾಳಿ ಕೊಡೋಕೆ ಹತ್ತಿಕಟ್ಟಿಗೆ ಉರಿಸುವ ಒಲೆಯೊಂದನ್ನು ನಾವೇ ಜೋಡಿಸಿದ್ದೇವೆ. ಇನ್ನೂ ಯಾರಿಗೂ ಮಾರಿಲ್ಲ. ಕಂಪನಿಯವರು ಬಂದಾಗ ನೋಡಿ ಫೋಟೊ ತೆಗೆದುಕೊಂಡರು. ನಮ್ಮ ಅಳಿಯ, ‘ಮಾವಾರ, ಸುಮ್ನ ಒಂದು ಮಷಿನ್ ತರಿಸಿ ಬಿಚ್ಚಿ ನೋಡಿ ಮಾಡೂಣು, ಸೋಲಾರ್ ಅಂದ್ರ ಪರಿಸರದ ಕೆಲಸ, ಯಾರ ಕೇಳ್ತಾರ’ ಅಂತಾನೆ. ಸಹಿ ಹಾಕಲಾ, ಬಿಡಲಾ? ಇನ್ನೊಂದು, ಮಷಿನ್‌ಗೆ ‘ಬ್ಯಾಡಗಿ ಡ್ರೈಯರ್’ ಅಂತ ಹೆಸರಿಡಬಹುದಾ?

ಉತ್ತರ: ಈಗಲೇ ಸಹಿ ಹಾಕಬೇಡಿ. ಹಾಗಂತ ಕಾಗದ ವಾಪಸ್ ಕಳಿಸಲೂ ಬೇಡಿ. ನೀವು ಕಳಿಸಿದ ಕರಡನ್ನು ಪೂರ್ತಿ ಓದಿದೆ. ಕಂಪನಿ ನಿಮಗೆ ಎರಡು ಬೇರೆ ಬೇರೆ ಸರಕು ಮಾರುತ್ತಿದೆ. ಒಂದು ಪೇಟೆಂಟ್, ಇನ್ನೊಂದು ಕೆಲಸದ ಗುಟ್ಟು. ದುಡ್ಡು ಕೇಳುತ್ತಿರುವುದು ಮೊದಲನೆಯದನ್ನು ತೋರಿಸಿ. ನಿಮಗೆ ಬೇಕಿರುವುದು ಎರಡನೆಯದು. ಅದರ ಬಗ್ಗೆ ಇಡೀ ಕರಡಿನಲ್ಲಿ ಇರುವುದು ಅರ್ಧ ಪುಟ.

ಮೊದಲು ಆ ಪಟ್ಟಿ ನೋಡೋಣ. ಪೇಟೆಂಟ್ ಕೊಟ್ಟ ದೇಶದ ಗಡಿ ದಾಟಿ ನಡೆಯುವುದಿಲ್ಲ. ಜರ್ಮನಿಯ ಪೇಟೆಂಟ್ ತೋರಿಸಿ ತಾರಿಹಾಳದಲ್ಲಿ ಯಾರನ್ನೂ ತಡೆಯಲು ಬರುವುದಿಲ್ಲ. ಇಲ್ಲಿ ಹಕ್ಕು ಬೇಕಾದರೆ ಇಲ್ಲೇ ಅರ್ಜಿ ಹಾಕಬೇಕು. ಅಲ್ಲಿ ಮೊದಲ ಅರ್ಜಿ ಹಾಕಿದ 12 ತಿಂಗಳೊಳಗೆ ನೇರವಾಗಿ ಹಾಕಬೇಕು, ಇಲ್ಲವೇ ಪಿಸಿಟಿ ಎನ್ನುವ ಅಂತಾರಾಷ್ಟ್ರೀಯ ದಾರಿ ಹಿಡಿದು 31 ತಿಂಗಳೊಳಗೆ ಬರಬೇಕು. ಆ ಗಡುವು ತಪ್ಪಿಸಿಕೊಂಡರೆ ಭಾರತದ ಮಟ್ಟಿಗೆ ಆ ವಿಚಾರ ಎಲ್ಲರದ್ದು.

ನಿಮ್ಮ ಪಟ್ಟಿಯ 9 ನಂಬರ್‌ಗಳಲ್ಲಿ 4 ಪೇಟೆಂಟ್‌ಗಳೇ ಅಲ್ಲ. ನಂಬರ್‌ನ ಕೊನೆಗೆ ‘ಯು1’ ಅಂತ ಇದೆ ನೋಡಿ. ಜರ್ಮನಿಯಲ್ಲಿ ಯುಟಿಲಿಟಿ ಮಾಡೆಲ್ ಅಂತ ಒಂದು ಸಣ್ಣ ಹಕ್ಕು ಇದೆ. ಹೊಸದು ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡದೆ ನೋಂದಾಯಿಸಿ ಕೊಡುತ್ತಾರೆ. ಹೆಚ್ಚೆಂದರೆ 10 ವರ್ಷ. ಭಾರತದಲ್ಲಿ ಆ ಥರದ ಹಕ್ಕೇ ಇಲ್ಲ. ಇನ್ನು 3 ಯುರೋಪಿನ ಪೇಟೆಂಟ್‌ಗಳು. ಅವುಗಳಿಗೆ ಭಾರತದಲ್ಲಿ ಅರ್ಜಿ ಸಿಗಲಿಲ್ಲ, ಗಡುವೂ ಮುಗಿದಿದೆ. ಉಳಿದ 2 ಮಾತ್ರ ಭಾರತದವು. ಅದರಲ್ಲಿ ಒಂದು ನವೀಕರಣ ಶುಲ್ಕ ಕಟ್ಟದೆ ಬಿದ್ದುಹೋಗಿದೆ. ಇದರಲ್ಲಿ ಸ್ವಲ್ಪ ಹುಷಾರು ಬೇಕು. ಬಿದ್ದುಹೋದ ದಿನದಿಂದ 18 ತಿಂಗಳೊಳಗೆ ಮತ್ತೆ ಜೀವ ಕೊಡಿ ಅಂತ ಅರ್ಜಿ ಹಾಕಲು ಅವಕಾಶವಿದೆ. ಆ ಅವಧಿ ಇನ್ನೂ ಮುಗಿದಿಲ್ಲ.

ಹೀಗೆ ಸೋಸಿದ ಮೇಲೆ ಗಟ್ಟಿಯಾಗಿ ನಿಲ್ಲುವುದು ಒಂದೇ ಒಂದು. ಹೊರಹೋಗುವ ಗಾಳಿಯ ತೇವ ಅಳೆದು ಫ್ಯಾನಿನ ವೇಗ ಏರಿಸಿ ಇಳಿಸುವ ಕಂಟ್ರೋಲರ್. ಇದನ್ನೆಲ್ಲ ನೋಡೋಕೆ ವಕೀಲರೇ ಬೇಕಂತಿಲ್ಲ. ಪೇಟೆಂಟ್ ಕಚೇರಿಯ ಇನ್‌ಪಾಸ್ ಹುಡುಕಾಟ ಪುಕ್ಕಟೆ. ಅರ್ಜಿದಾರರ ಹೆಸರು ಹಾಕಿ ಹುಡುಕಿ, ಸ್ಥಿತಿ ಒತ್ತಿದರೆ ಶುಲ್ಕ ಎಲ್ಲಿ ತನಕ ಕಟ್ಟಿದ್ದಾರೆ ಅಂತಲೂ ಕಾಣುತ್ತದೆ.

ಆ ಒಂದು ಪೇಟೆಂಟ್ ಓದುವಾಗಲೂ ಚಿತ್ರ ನೋಡಿ, ಹೆಸರು ನೋಡಿ ಹೆದರಬೇಡಿ. ಕೊನೆಯಲ್ಲಿರುವ ಕ್ಲೇಮ್‌ಗಳನ್ನು ಓದಿ. ಹಕ್ಕು ಇರುವುದು ಅಷ್ಟಕ್ಕೇ. ಮೊದಲ ಕ್ಲೇಮ್‌ನಲ್ಲಿ ತೇವದ ಸೆನ್ಸರ್, ಬದಲಾಗುವ ವೇಗದ ಫ್ಯಾನ್, ಗಾಳಿ ಮರಳಿಸುವ ಬಾಗಿಲು, ಇವು ಮೂರನ್ನೂ ಒಟ್ಟಿಗೆ ನಡೆಸುವ ನಿಯಂತ್ರಕ ಅಂತ ಇದೆ. ನಿಮ್ಮ ಈಗಿನ ಮಷಿನ್‌ನಲ್ಲಿ ಸೆನ್ಸರ್ ಇಲ್ಲ, ಗಾಳಿ ಮರಳಿಸುವ ಬಾಗಿಲೂ ಇಲ್ಲ. ಈಗ ಮಾರುತ್ತಿರುವುದನ್ನು ನಿಶ್ಚಿಂತೆಯಿಂದ ಮಾರಿ. ಪ್ಲಾಸ್ಟಿಕ್ ಹೊದಿಕೆಯ ಉದ್ದನೆ ಸುರಂಗ, ಮುಂದೆ ಗಾಳಿ ಕಾಯಿಸುವ ಭಾಗ, ಸೋಲಾರ್ ಪ್ಯಾನಲ್‌ನಿಂದ ಓಡುವ ಸಣ್ಣ ಫ್ಯಾನ್, ಈ ಮೂಲ ವಿನ್ಯಾಸವನ್ನು ಜರ್ಮನಿಯ ಹೊಹೆನ್‌ಹೈಮ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲೇ ಮಾಡಿಟ್ಟಿದ್ದಾರೆ. ಪೇಟೆಂಟಿನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಅಷ್ಟು ಹಳೆಯದರ ಮೇಲೆ ಈಗ ಯಾರೂ ಹಕ್ಕು ಹೇಳುವ ಹಾಗಿಲ್ಲ.

ಈಗ ನಿಮ್ಮ ಅಳಿಯಂದಿರ ಮಾತು. ಅದರಲ್ಲಿ ಅರ್ಧ ಸರಿ ಇದೆ. ದುಡ್ಡು ಕೊಟ್ಟು ಕೊಂಡ ಮಷಿನ್ ಬಿಚ್ಚಿ ನೋಡುವುದು ತಪ್ಪಲ್ಲ. ಆದರೆ ಕಂಪನಿಯವರು ಬಂದಾಗ ಎನ್‌ಡಿಎ, ಅಂದರೆ ಗುಟ್ಟು ಹೊರಗೆ ಬಿಡಲ್ಲ ಅನ್ನುವ ಒಪ್ಪಂದ, ಅಂತ ಏನಾದರೂ ಸಹಿ ಮಾಡಿಸಿಕೊಂಡಿದ್ದಾರಾ? ಅದರಲ್ಲಿ ಬಿಚ್ಚಬಾರದು ಅಂತ ಬರೆದಿದ್ದರೆ ಆ ದಾರಿ ಮುಚ್ಚಿತು. ಇನ್ನು ಬಿಚ್ಚಿ ನೋಡಿ ಆ ಕಂಟ್ರೋಲರ್ ಅನ್ನೇ ಮಾಡಿದರೆ, ಮಾರದೆ ಬರೀ ಬಳಸಿದರೂ ಪೇಟೆಂಟ್ ಉಲ್ಲಂಘನೆಯೇ. ಅದರೊಳಗಿನ ಪ್ರೋಗ್ರಾಂ ಕಾಪಿ ಮಾಡಿದರೆ ಕಾಪಿರೈಟ್ ಬೇರೆ ಅಡ್ಡ ಬರುತ್ತದೆ.

‘ಪರಿಸರದ ಕೆಲಸ, ಯಾರ ಕೇಳ್ತಾರ’ ಅನ್ನೋದು ಮಾತ್ರ ಪೂರ್ತಿ ತಪ್ಪು. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಸೋಲಾರ್‌ಗೆ, ಗಾಳಿ ವಿದ್ಯುತ್ತಿಗೆ ಯಾವ ರಿಯಾಯಿತಿಯೂ ಇಲ್ಲ. ಬಹುಶಃ ಅವರು ಕಡ್ಡಾಯ ಲೈಸೆನ್ಸ್ ಬಗ್ಗೆ ಎಲ್ಲೋ ಕೇಳಿರಬೇಕು. ಕಾಯ್ದೆಯ 84ನೇ ಕಲಂನಲ್ಲಿ ಅದು ಇರುವುದು ನಿಜ. ಪೇಟೆಂಟ್ ಸಿಕ್ಕು 3 ವರ್ಷ ಆದ ಮೇಲೆ, ಜನರ ಅಗತ್ಯ ತೀರುತ್ತಿಲ್ಲ, ಬೆಲೆ ಕೈಗೆಟುಕುತ್ತಿಲ್ಲ, ಅಥವಾ ಭಾರತದಲ್ಲಿ ಅದನ್ನು ಬಳಕೆಗೇ ತಂದಿಲ್ಲ ಅಂತ ತೋರಿಸಿದರೆ ಬೇರೆಯವರಿಗೆ ಲೈಸೆನ್ಸ್ ಕೊಡಬಹುದು. ಈ ಕಲಂನಡಿ ಲೈಸೆನ್ಸ್ ಸಿಕ್ಕಿದ್ದು ಒಂದೇ ಸಲ, 2012ರಲ್ಲಿ. ಅದೂ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿಗೆ. ತಿಂಗಳಿಗೆ 2.8 ಲಕ್ಷ ರೂಪಾಯಿಯ ಮಾತ್ರೆಯನ್ನು 8,800ಕ್ಕೆ ಕೊಡುತ್ತೇವೆ ಅಂತ ಹೈದರಾಬಾದಿನ ನ್ಯಾಟ್ಕೊ ಮುಂದೆ ಬಂದಿತ್ತು. ಇಂಧನದ ಯಾವ ಯಂತ್ರಕ್ಕೂ ಈವರೆಗೆ ಆಗಿಲ್ಲ.

ಆಯಿತು, ನಿಮಗೇ ಸಿಕ್ಕಿತು ಅಂದುಕೊಳ್ಳಿ. ಆಗ ಕೈಗೆ ಬರುವುದು ಏನು? ಮಾಡಬಹುದು ಅನ್ನುವ ಅನುಮತಿ. ಹೇಗೆ ಮಾಡಬೇಕು ಅಂತ ಯಾರೂ ಬಂದು ಕಲಿಸಲ್ಲ. ಮಾತ್ರೆಯಾದರೆ ನ್ಯಾಟ್ಕೊ ಥರದ ಕಂಪನಿಗೆ ಅದನ್ನು ಮಾಡುವುದು ಮೊದಲೇ ಗೊತ್ತಿತ್ತು. ಯಂತ್ರದ ಕತೆ ಬೇರೆ. ಹವಾಮಾನದ ದೊಡ್ಡ ಸಭೆಗಳಲ್ಲಿ, 2009ರ ಕೋಪನ್‌ಹೇಗನ್ ಹೊತ್ತಿನಲ್ಲಂತೂ, ಬಡ ದೇಶಗಳಿಗೆ ಪೇಟೆಂಟ್ ಸಡಿಲಿಸಬೇಕು ಅಂತ ಜೋರು ವಾದ ನಡೆದಿತ್ತು. ನ್ಯಾಯವಾದ ಬೇಡಿಕೆಯೇ. ಆದರೆ ನಾಳೆ ಬೆಳಿಗ್ಗೆ ಪೇಟೆಂಟ್ ಎಲ್ಲ ರದ್ದಾದರೂ ಒಳ್ಳೆ ಡ್ರೈಯರ್ ತಾನಾಗಿ ತಯಾರಾಗುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬ್ಯಾಡಗಿ ಡಬ್ಬಿ ಕಾಯಿ ದಪ್ಪ, ಕಡ್ಡಿ ಕಾಯಿ ಸಣ್ಣ. ಎರಡೂ ಒಂದೇ ಹೊತ್ತಿಗೆ ಒಣಗಲ್ಲ. ಕಾವು ಜಾಸ್ತಿಯಾದರೆ ಕಾಯಿ ಕಪ್ಪಗಾಗುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಖಾರಕ್ಕಲ್ಲ, ಬಣ್ಣಕ್ಕೆ. ಕಲರ್ ವ್ಯಾಲ್ಯೂ ಬಿದ್ದರೆ ಓಲಿಯೋರೆಸಿನ್ (ಕಾಯಿಯ ಬಣ್ಣದ ಸಾರ) ತೆಗೆಯುವವರು ಮೂಸಿಯೂ ನೋಡಲ್ಲ. ಕಾವು ಕಡಿಮೆ ಇಟ್ಟರೆ ರಾತ್ರಿ ಹೊದಿಕೆ ಒಳಗೆ ನೀರು ಕಟ್ಟಿ ಕಾಯಿ ಮೇಲೆ ತೊಟ್ಟಿಕ್ಕುತ್ತದೆ, ಬೂಷ್ಟು ಹಿಡಿಯುತ್ತದೆ. ಎಷ್ಟು ಹೊತ್ತಿಗೆ ಗಾಳಿ ಹೊರಬಿಡಬೇಕು, ಟ್ರೇಗೆ ಎಷ್ಟು ಕಾಯಿ ಹರಡಬೇಕು, ಯಾವಾಗ ತಿರುವಬೇಕು, ಇದು ಯಾವ ಪೇಟೆಂಟಿನಲ್ಲೂ ಬರೆದಿರಲ್ಲ. ಜರ್ಮನ್ ಎಂಜಿನಿಯರ್‌ಗೆ ಇದರಲ್ಲಿ ಅರ್ಧ ಗೊತ್ತಿರಬಹುದು. ಉಳಿದ ಅರ್ಧ ಗೊತ್ತಿರುವುದು ನಿಮಗೆ. ಇದನ್ನು ನೆನಪಿಟ್ಟುಕೊಂಡು ಮಾತುಕತೆಗೆ ಕೂರಿ.

ಗದಗದಿಂದ ಮುಂಡರಗಿ ಕಡೆ ಹೋಗುವಾಗ ಕಪ್ಪತಗುಡ್ಡದ ಸುತ್ತ ತಿರುಗುವ ಗಾಳಿ ಫ್ಯಾನ್‌ಗಳನ್ನು ನೋಡಿರುತ್ತೀರಿ. ಆ ಉದ್ಯಮದ ಎರಡು ಜಗಳ ನಿಮ್ಮ ಕರಡಿಗೆ ತುಂಬಾ ಹತ್ತಿರದ್ದು.

1994ರಲ್ಲಿ ಜರ್ಮನಿಯ ಎನರ್ಕಾನ್ ಮತ್ತು ಮುಂಬೈನ ಮೆಹ್ರಾ ಕುಟುಂಬ ಸೇರಿ ಎನರ್ಕಾನ್ ಇಂಡಿಯಾ ಕಟ್ಟಿದರು. ಒಂದು ದಶಕ ಚೆನ್ನಾಗಿಯೇ ನಡೆಯಿತು. ಆಮೇಲೆ ಹೊಸ ತಂತ್ರಜ್ಞಾನಕ್ಕೆ ಯಾವ ಷರತ್ತಿನ ಮೇಲೆ ಲೈಸೆನ್ಸ್ ಅಂತ ಜಗಳ ಶುರುವಾಯಿತು. 2006ರ ಒಂದು ಕಾಗದ ಒಪ್ಪಂದ ಹೌದೋ ಅಲ್ಲವೋ ಅನ್ನುವುದೇ ದೊಡ್ಡ ವಾದ. ಜರ್ಮನಿಯಿಂದ ಬಿಡಿಭಾಗ ಬರುವುದು ನಿಂತಿತು. ಭಾರತದ ಕಡೆಯವರು ಜರ್ಮನ್ ಪೇಟೆಂಟ್‌ಗಳ ಮೇಲೆಯೇ ಸವಾಲು ಹಾಕಿದರು. 2010ರ ಕೊನೆಗೆ ಪೇಟೆಂಟ್ ತಕರಾರು ಕೇಳುತ್ತಿದ್ದ ಆಗಿನ ಮೇಲ್ಮನವಿ ಮಂಡಳಿ ಒಂದು ಡಜನ್ ಪೇಟೆಂಟ್ ರದ್ದು ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟಿನಿಂದ ಎರಡು ತೀರ್ಪು ಬಂದವು. ಒಂದರಲ್ಲಿ, ಒಪ್ಪಂದದಲ್ಲಿ ಲಂಡನ್ ಅಂತ ಬರೆದಿರುವುದು ಕೂತು ಮಾತಾಡುವ ಜಾಗ ಅಷ್ಟೇ, ಮಧ್ಯಸ್ಥಿಕೆಯ ಕಾನೂನು ನೆಲೆ (ಯಾವ ದೇಶದ ಕೋರ್ಟಿಗೆ ಅದರ ಮೇಲೆ ಅಧಿಕಾರ ಅನ್ನುವುದು) ಭಾರತವೇ ಅಂತ ತೀರ್ಪಾಯಿತು. ಇನ್ನೊಂದರಲ್ಲಿ, ಒಂದೇ ಪೇಟೆಂಟಿನ ಮೇಲೆ ಎರಡು ಮೂರು ಕಡೆ ಒಟ್ಟಿಗೆ ದಾಳಿ ಮಾಡುವಂತಿಲ್ಲ, ಒಂದು ದಾರಿ ಹಿಡಿಯಿರಿ ಅಂತ. ಭಾರತದ ಕಂಪನಿ ಮುಂದೆ ವಿಂಡ್ ವರ್ಲ್ಡ್ ಅಂತ ಹೆಸರು ಬದಲಿಸಿತು, 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದಕ್ಕೆ ಕಾರಣ ಹಲವು ಇರಬಹುದು. ಆದರೆ ಒಂದು ಡಜನ್ ಪೇಟೆಂಟ್ ಉರುಳಿಸಿದರೂ ಹೊಸ ಮಾದರಿಯ ತಂತ್ರಜ್ಞಾನ ಅವರ ಕೈಗೆ ಬಂದುಬಿಡಲಿಲ್ಲ ಅನ್ನೋದನ್ನು ಗಮನಿಸಿ.

ಇನ್ನೊಂದು ಜಗಳ ಚೀನಾದ್ದು. ಸಿನೊವೆಲ್ ಎಂಬ ಕಂಪನಿ ಗಾಳಿಯಂತ್ರದ ಕಂಟ್ರೋಲ್ ಸಾಫ್ಟ್‌ವೇರನ್ನು ಅಮೆರಿಕದ ಎಎಂಎಸ್‌ಸಿಯಿಂದ ಕೊಳ್ಳುತ್ತಿತ್ತು. ಯಂತ್ರದ ಮೈಯೆಲ್ಲ ತಾನೇ ಮಾಡುತ್ತಿದ್ದರೂ ಮಿದುಳು ಮಾತ್ರ ಬೇರೆಯವರದ್ದು. 2011ರಲ್ಲಿ ಎಎಂಎಸ್‌ಸಿಯ ಆಸ್ಟ್ರಿಯಾ ಕಚೇರಿಯ ಎಂಜಿನಿಯರ್ ಒಬ್ಬರನ್ನು ಒಲಿಸಿಕೊಂಡು ಕೋಡ್ ಕದ್ದರು. 2018ರಲ್ಲಿ ಅಮೆರಿಕದ ನ್ಯಾಯಾಲಯ ಸಿನೊವೆಲ್ ತಪ್ಪಿತಸ್ಥ ಅಂದಿತು. ಕದ್ದದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ನಿಮಗೆ ಮುಖ್ಯವಾಗುವುದು ಅಷ್ಟು ದೊಡ್ಡ ಕಂಪನಿ ಕೂಡ ಕಂಟ್ರೋಲರ್‌ಗೆ ಬೇರೆಯವರ ಬಾಗಿಲು ಕಾಯುವ ಸ್ಥಿತಿಯಲ್ಲಿತ್ತು ಅನ್ನುವುದು. ನಿಮ್ಮ ಕರಡಿನ 5ನೇ ಕಲಂ ಪ್ರಕಾರ ಕಂಟ್ರೋಲರ್ ಬೋರ್ಡ್ ಜರ್ಮನಿಯಿಂದಲೇ ಬರಬೇಕು, ಒಳಗಿನ ಪ್ರೋಗ್ರಾಂ ಲಾಕ್ ಆಗಿರುತ್ತದೆ. ನಾಳೆ ಅವರು ಅಂಗಡಿ ಮುಚ್ಚಿದರೆ, ಮಾರ್ಚ್ ತಿಂಗಳಲ್ಲಿ ಬ್ಯಾಡಗಿಯ ರೈತರು ಫೋನ್ ಮಾಡುವುದು ನಿಮಗೆ.

ಹಾಗಾಗಿ ಸೋರ್ಸ್ ಕೋಡ್, ಅಂದರೆ ಆ ಪ್ರೋಗ್ರಾಂನ ಮೂಲ ಬರಹ, ಒಂದು ಪ್ರತಿ ಭಾರತದಲ್ಲಿ ಮೂರನೆಯವರ ಹತ್ತಿರ ಇಡಲಿ ಅಂತ ಕೇಳಿ. ಕಂಪನಿ ಮುಚ್ಚಿದರೆ, ಅಥವಾ 90 ದಿನ ಬೋರ್ಡ್ ಕಳಿಸದಿದ್ದರೆ ಅದು ನಿಮಗೆ ಸಿಗಬೇಕು. ಸಣ್ಣ ಕಂಪನಿಗಳು ಇದಕ್ಕೆ ಒಪ್ಪುತ್ತವೆ, ಕೇಳುವವರು ಕಡಿಮೆ ಅಷ್ಟೇ.

ಈಗ ಕರಡಿನ ಏಳನೇ ಕಲಂ. ಕನ್ನಡದಲ್ಲಿ ಹೇಳಿದರೆ ಅದು ಹೀಗಿದೆ: ‘ಲೈಸೆನ್ಸ್ ಪಡೆದವರು ಉತ್ಪನ್ನದಲ್ಲಿ ಅಥವಾ ಅದಕ್ಕೆ ಸಂಬಂಧಪಟ್ಟು ಮಾಡುವ ಎಲ್ಲ ಸುಧಾರಣೆಗಳ ಹಕ್ಕು ತಾನಾಗಿ, ಯಾವ ಹಣವೂ ಇಲ್ಲದೆ, ಕಂಪನಿಗೇ ಸೇರತಕ್ಕದ್ದು.’ ಅಂದರೆ ನಿಮ್ಮ ಹತ್ತಿಕಟ್ಟಿಗೆ ಒಲೆ, ಸಹಿ ಹಾಕಿದ ಮೇಲೆ ನೀವು ಅದರಲ್ಲಿ ಏನೇ ತಿದ್ದಿದರೂ, ಅವರದ್ದು. ಫೋಟೊ ಯಾಕೆ ತೆಗೆದುಕೊಂಡರು ಅಂತ ಈಗ ಅರ್ಥವಾಯಿತಲ್ವಾ?

ಒಳ್ಳೆ ಸುದ್ದಿ ಏನಂದರೆ, ಪೇಟೆಂಟ್ ಕಾಯ್ದೆಯ 140ನೇ ಕಲಂ ಇಂಥ ಷರತ್ತುಗಳಿಗೆ ನೇರವಾಗಿ ಬೇಡ ಅನ್ನುತ್ತದೆ. ಸುಧಾರಣೆಯನ್ನು ಅವರೊಬ್ಬರಿಗೇ ವಾಪಸ್ ಕೊಡಬೇಕು ಅನ್ನುವುದು, ಅವರ ಪೇಟೆಂಟನ್ನು ಪ್ರಶ್ನೆ ಮಾಡಬಾರದು ಅನ್ನುವುದು, ಬೇಕಾದ ಒಂದರ ಜೊತೆ ಬೇಡದ ಎಂಟನ್ನು ಬಲವಂತವಾಗಿ ಕಟ್ಟುವುದು, ಪೇಟೆಂಟ್ ಇಲ್ಲದ ಸಾಮಾನನ್ನೂ ತಮ್ಮ ಹತ್ತಿರವೇ ಕೊಳ್ಳಿ ಅನ್ನುವುದು, ಇವೆಲ್ಲ ಇಲ್ಲಿ ಊರ್ಜಿತವಲ್ಲ. ನಿಮ್ಮ ಕರಡಿನಲ್ಲಿ ನಾಲ್ಕೂ ಇವೆ! ಬೇರೆ ದೇಶಕ್ಕೆ ಮಾಡಿದ ಕರಡನ್ನು ಹಾಗೇ ಕಳಿಸಿದ್ದಾರೆ ಅನ್ನಿಸುತ್ತದೆ. ಆದರೆ ಕಾನೂನು ಇದೆಯಲ್ಲ ಅಂತ ಸುಮ್ನೆ ಸಹಿ ಹಾಕಬೇಡಿ. ಕರಡಿನಲ್ಲಿ ಜರ್ಮನ್ ಕಾನೂನು, ಹ್ಯಾಂಬರ್ಗಿನಲ್ಲಿ ಮಧ್ಯಸ್ಥಿಕೆ ಅಂತ ಇದೆ. ಅಲ್ಲಿ ಹೋಗಿ 140ನೇ ಕಲಂ ಓದಿ ಹೇಳುವ ಖರ್ಚು ನಿಮ್ಮ 18 ಲಕ್ಷವನ್ನು ಮೀರುತ್ತದೆ. ಭಾರತದ ಕಾನೂನು, ಮಧ್ಯಸ್ಥಿಕೆಯ ನೆಲೆ ಬೆಂಗಳೂರು ಅಂತ ಬರೆಸಿ. ‘ನೆಲೆ’ ಅಂತಲೇ ಸ್ಪಷ್ಟವಾಗಿ ಬರಲಿ, ಎನರ್ಕಾನ್ ಪ್ರಕರಣದಲ್ಲಿ ಅಷ್ಟು ವರ್ಷ ಎಳೆದಾಡಿದ ವಿಷಯಗಳಲ್ಲಿ ಅದೂ ಒಂದು. ಸುಧಾರಣೆಗೆ ಬದಲಿ ಷರತ್ತು ಹೀಗಿರಲಿ: ನೀವು ಮಾಡಿದ್ದು ನಿಮ್ಮದೇ, ಅವರು ಬಳಸಬಹುದು, ಬಳಸಿದರೆ ನಿಮಗೆ ರಾಯಲ್ಟಿ.

15 ವರ್ಷದ ಅವಧಿಯೂ ಸರಿಯಿಲ್ಲ. ಆ ಏಕೈಕ ಪೇಟೆಂಟಿಗೆ ಉಳಿದಿರುವುದು ಇನ್ನು 8 ವರ್ಷ. ಪೇಟೆಂಟ್ ಮುಗಿದ ಮೇಲೆ 3 ತಿಂಗಳ ನೋಟಿಸ್ ಕೊಟ್ಟು ಒಪ್ಪಂದದಿಂದ ಹೊರಬರುವ ಹಕ್ಕು 141ನೇ ಕಲಂ ನಿಮಗೆ ಕೊಟ್ಟಿದೆ. ಅದನ್ನು ಒಪ್ಪಂದದಲ್ಲೂ ಬರೆಸಿಕೊಳ್ಳಿ.

ದುಡ್ಡಿನ ವಿಷಯ. 6% ಜಾಸ್ತಿ ಅಂತ ನಾನು ಹೇಳಲ್ಲ, ಯಾವುದರ ಮೇಲೆ 6% ಅನ್ನೋದೇ ಪ್ರಶ್ನೆ. ಮೊದಲೆಲ್ಲ ವಿದೇಶಿ ರಾಯಲ್ಟಿಗೆ ಸರ್ಕಾರವೇ ಮಿತಿ ಹಾಕಿತ್ತು, ದೇಶದೊಳಗಿನ ಮಾರಾಟಕ್ಕೆ 5%. ಹೊರಗಿನಿಂದ ಕೊಂಡ ಸಾಮಾನ್ಯ ಬಿಡಿಭಾಗಗಳ ಬೆಲೆ ಕಳೆದು ಉಳಿದದ್ದಕ್ಕೆ ಲೆಕ್ಕ. 2009ರ ಡಿಸೆಂಬರ್‌ನಲ್ಲಿ ಆ ಮಿತಿ ತೆಗೆದರು. ಆದರೆ ಆ ಲೆಕ್ಕದ ರೀತಿ ಒಳ್ಳೆಯದೇ, ನೀವು ಕೇಳಿ ಪಡೆಯಬಹುದು. ಮಷಿನ್ 4 ಲಕ್ಷಕ್ಕೆ ಮಾರಿದರೆ ಈಗಿನ ಕರಡಿನಂತೆ 24,000 ಹೋಗುತ್ತದೆ. ಪ್ಯಾನಲ್, ಪೈಪು, ಪಾಲಿಕಾರ್ಬೊನೇಟ್ ಶೀಟು, ಫ್ಯಾನು ಸೇರಿ ಎರಡೂವರೆ ಲಕ್ಷದ ಸಾಮಾನು ಕಳೆದರೆ 9,000 ಆಗುತ್ತದೆ. ನಿಮ್ಮ ಪೈಪಿಗೆ ಅವರಿಗೆ ಯಾಕೆ ರಾಯಲ್ಟಿ?

ಕರಡಿನಲ್ಲಿ ‘ಎಲ್ಲ ತೆರಿಗೆ ಕಳೆದು ನಿವ್ವಳ’ ಅನ್ನುವ ಒಂದು ಸಾಲು ಅಡಗಿದೆ. ವಿದೇಶಕ್ಕೆ ರಾಯಲ್ಟಿ ಕಳಿಸುವಾಗ ನೀವು ತೆರಿಗೆ ಹಿಡಿದು ಕಟ್ಟಬೇಕು. ಜರ್ಮನಿ ಜೊತೆಗಿನ ತೆರಿಗೆ ಒಪ್ಪಂದದಂತೆ 10%, ಅದಕ್ಕೆ ಅವರಿಂದ ತೆರಿಗೆ ನಿವಾಸದ ಸರ್ಟಿಫಿಕೇಟ್ ಬೇಕು. ಆ ಸಾಲು ಇದ್ದರೆ ಅವರ ತೆರಿಗೆ ನಿಮ್ಮ ಜೇಬಿನಿಂದ ಹೋಗುತ್ತದೆ. ಸಾಲನ್ನು ಹೊಡೆದುಹಾಕಿ. ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ಮಾರಿದವರ ಬದಲು ಕೊಂಡ ನೀವೇ ಕಟ್ಟಬೇಕಾದ, ಜಿಎಸ್‌ಟಿಯೂ ಬರುತ್ತದೆ, ಅದನ್ನು ನಿಮ್ಮ ಸಿಎ ಹತ್ತಿರ ಕೇಳಿ.

18 ಲಕ್ಷವನ್ನು ಒಮ್ಮೆಲೇ ಕೊಡಬೇಡಿ. ಡ್ರಾಯಿಂಗ್, ಬಿಡಿಭಾಗಗಳ ಪಟ್ಟಿ, ಪರೀಕ್ಷೆಯ ದಾಖಲೆ ಕೈಗೆ ಬಂದಾಗ ಒಂದು ಕಂತು. ಅವರ ಎಂಜಿನಿಯರ್ ತಾರಿಹಾಳಕ್ಕೆ ಬಂದು ನಿಮ್ಮ ಹುಡುಗರ ಜೊತೆ ನಿಂತು ಮೊದಲ ಮಷಿನ್ ಕಟ್ಟಿದಾಗ ಇನ್ನೊಂದು. ದೊಡ್ಡ ಕಂತು ಕೊನೆಗೆ: ನಿಮ್ಮ ಅಂಗಳದಲ್ಲಿ, ಡಬ್ಬಿ ಮತ್ತು ಕಡ್ಡಿ ಎರಡೂ ಕಾಯಿ ಹಾಕಿ, ಒಪ್ಪಿದ ಗಂಟೆಯೊಳಗೆ ತೇವ 10%ಗೆ ಇಳಿದು, ಲ್ಯಾಬ್‌ನಲ್ಲಿ ಕಲರ್ ವ್ಯಾಲ್ಯೂ ಬಿದ್ದಿಲ್ಲ ಅಂತ ವರದಿ ಬಂದ ಮೇಲೆ. ಕರಡಿನ ಆ ಅರ್ಧ ಪುಟವನ್ನು ಹಿಗ್ಗಿಸಬೇಕಾದದ್ದು ಇಲ್ಲಿ. ನೀವು ದುಡ್ಡು ಕೊಡುತ್ತಿರುವುದು ಇದಕ್ಕೆ.

ಇದೆಲ್ಲಕ್ಕಿಂತ ಮೊದಲು, ಈ ವಾರವೇ, ಆ ಒಲೆಗೆ ಪ್ರಾವಿಜನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ ಹಾಕಿ. ಕರ್ನಾಟಕದವರಿಗೆ ಚೆನ್ನೈ ಪೇಟೆಂಟ್ ಕಚೇರಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಇರುತ್ತದೆ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಇದ್ದರೆ, ಅಥವಾ ಅರ್ಜಿದಾರರಲ್ಲಿ ಒಬ್ಬ ಮಹಿಳೆ ಇದ್ದರೆ, ಬೇಗ ಪರೀಕ್ಷೆ ಮಾಡಿ ಅಂತಲೂ ಕೇಳಬಹುದು. ಅರ್ಜಿ ಹಾಕುವ ತನಕ ಒಲೆಯನ್ನು ಧಾರವಾಡ ಕೃಷಿ ಮೇಳಕ್ಕೆ ಒಯ್ಯಬೇಡಿ. ಅಳಿಯಂದಿರಿಗೆ ಹೇಳಿ, ವಾಟ್ಸಾಪ್ ಸ್ಟೇಟಸ್‌ಗೂ ಹಾಕುವುದು ಬೇಡ. ಜನರ ಮುಂದೆ ಇಟ್ಟ ಮೇಲೆ ಅದು ಹೊಸದಾಗಿ ಉಳಿಯಲ್ಲ. ಪ್ರದರ್ಶನಕ್ಕೆ ವಿನಾಯಿತಿ ಇರುವುದು ಕೇಂದ್ರ ಸರ್ಕಾರ ಅದಕ್ಕಾಗಿ ಅಧಿಸೂಚನೆ ಹೊರಡಿಸಿದ ಮೇಳಗಳಿಗೆ ಮಾತ್ರ. ಕಂಪನಿಯವರು ಅದನ್ನು ಜರ್ಮನಿಯಲ್ಲಿ ನಿಮ್ಮ ಹೆಸರು ಸೇರಿಸಿ ಅರ್ಜಿ ಹಾಕೋಣ ಅಂದರೆ ತಕ್ಷಣ ಒಪ್ಪಬೇಡಿ. ಇಲ್ಲಿ ವಾಸಿಸುವವರು ಮೊದಲು ಇಲ್ಲಿ ಅರ್ಜಿ ಹಾಕಿ 6 ವಾರ ಕಾಯಬೇಕು, ಇಲ್ಲವೇ ಪೇಟೆಂಟ್ ಕಚೇರಿಯ ಅನುಮತಿ ಪಡೆಯಬೇಕು.

ಒಪ್ಪಂದ ಸರಿಯಾಗಿ ಕುದುರಿದರೆ ಮಾಡಿಕೊಳ್ಳಿ. ಗಾಳಿಯಂತ್ರದ ಸುಜ್ಲಾನ್ ಕೂಡ 1995ರಲ್ಲಿ ಜರ್ಮನಿಯ ಸುಡ್‌ವಿಂಡ್ ಎಂಬ ಸಣ್ಣ ಕಂಪನಿಯ ತಂತ್ರಜ್ಞಾನ ತಗೊಂಡೇ ಶುರು ಮಾಡಿದ್ದು. ಕಂಪನಿ ಇಷ್ಟಕ್ಕೆ ಒಪ್ಪದಿದ್ದರೆ ಬಿಡಿ. ತೇವದ ಸೆನ್ಸರ್ ಇಲ್ಲದೆ, ಟೈಮರ್ ಮತ್ತು ಥರ್ಮೋಸ್ಟಾಟ್ ಮೇಲೆ ನಡೆಯುವ ನಿಮ್ಮದೇ ಕಂಟ್ರೋಲರ್ ಮಾಡಿಸಿ. ಮಾರುವ ಮೊದಲು ಒಮ್ಮೆ ಆ ಕ್ಲೇಮ್ ಜೊತೆ ಹೋಲಿಸಿ ನೋಡೋಣ.

ಇನ್ನು ಹೆಸರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಮೇಲಿನ ಭೌಗೋಳಿಕ ಗುರುತು, ಸಿಕ್ಕಿದೆ. ಅದು ಕಾಯಿಗೆ, ಯಂತ್ರಕ್ಕಲ್ಲ. ಹಾಗಾಗಿ ‘ಬ್ಯಾಡಗಿ ಡ್ರೈಯರ್’ ಅಂತ ಬರೆದರೆ ಯಾರಾದರೂ ಜಿಐ ಕೇಸ್ ಹಾಕುವ ಸಂಭವ ಕಡಿಮೆ. ತೊಂದರೆ ಬೇರೆ. ಊರಿನ ಹೆಸರು, ಸಾಮಾನಿನ ಹೆಸರು ಎರಡನ್ನು ಸೇರಿಸಿದ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದು ಬಹಳ ಕಷ್ಟ. ನೀವು ಹೆಸರು ಮಾಡಿದ ಮೇಲೆ ಪಕ್ಕದ ಶೆಡ್‌ನವರೂ ಅದೇ ಬರೆದುಕೊಳ್ಳಬಹುದು. ಯಾವ ಊರಿಗೂ, ಯಾವ ಕಾಯಿಗೂ ಸಂಬಂಧ ಇಲ್ಲದ ಹೆಸರೊಂದು ಹುಡುಕಿ, ಡ್ರೈಯರ್‌ಗೆ ಹೊಂದುವ 11ನೇ ವರ್ಗದಲ್ಲಿ ಅರ್ಜಿ ಹಾಕಿ. ಅದನ್ನೂ ನಿಮ್ಮ ಹೆಸರಲ್ಲೇ ಹಾಕಿ. ಕರಡಿನ 11ನೇ ಕಲಂನಲ್ಲಿ ಮಷಿನ್ ಮೇಲೆ ಅವರ ಬ್ರ್ಯಾಂಡ್ ಮಾತ್ರ ಇರಬೇಕು ಅಂತ ಇದೆ, ಅದಕ್ಕೂ ಒಪ್ಪಬೇಡಿ.